ಲೀಮಾದ ವಾಯುಗುಣ

ಪೆರು ದೇಶದ ರಾಜಧಾನಿ ಲೀಮಾ ಇರುವುದು ಪೆಸಿಫಿಕ್ ದಡದಲ್ಲಿ, ಸುಮಾರು 12° ದಕ್ಷಿಣ ಅಕ್ಷಾಂಶದಲ್ಲಿ. ನಕ್ಷೆ ನೋಡಿದವರು ಸುಡುಬಿಸಿಲು, ಜಡಿಮಳೆ ನಿರೀಕ್ಷಿಸಿಯಾರು. ಹೆಚ್ಚುಕಡಿಮೆ ಅದೇ ಅಕ್ಷಾಂಶದ ಬ್ರೆಜಿಲ್‌ನ ಸಾಲ್ವಡಾರ್‌ನಲ್ಲಿ ಎರಡೂ ಧಾರಾಳ. ಲೀಮಾದಲ್ಲಾದರೋ ಜೂನ್‌ನಿಂದ ಅಕ್ಟೋಬರ್‌ವರೆಗೆ ಸೂರ್ಯದರ್ಶನವೇ ಅಪರೂಪ. ಆ ಬೂದು ಆಕಾಶಕ್ಕೆ ಊರಿನವರು ಇಟ್ಟ ಹೆಸರು ‘ಕತ್ತೆಯ ಹೊಟ್ಟೆ’. ದಕ್ಷಿಣದಿಂದ ಬರುವ ಹಂಬೋಲ್ಟ್ ಶೀತಪ್ರವಾಹವೂ ಆಳದಿಂದ ಮೇಲೇಳುವ ತಣ್ಣೀರೂ ಕಡಲ ಮೇಲಣ ಗಾಳಿಯನ್ನು ತಂಪಾಗಿಸುತ್ತವೆ. ಅದರ ಮೇಲೆ ಬೆಚ್ಚನೆಯ ಗಾಳಿಯ ಪದರ ಮುಚ್ಚಳದಂತೆ ಕೂರುವುದರಿಂದ ಮೋಡ ಮೇಲೇರಿ ಮಳೆಯಾಗದು. ಪೂರ್ವದ ತೇವವನ್ನು ಆಂಡೀಸ್ ತಡೆಯುತ್ತದೆ. ಹೀಗೆ ಗಾಳಿ ಒದ್ದೆ, ನೆಲ ಮರುಭೂಮಿ. ‘ಗರೂವಾ’ ಎಂಬ ತುಂತುರು ಬಟ್ಟೆ ಒಣಗಲೂ ಬಿಡದು, ಬಾವಿಯನ್ನೂ ತುಂಬದು. ಸ್ಪೇನ್‌ನ ದಂಡನಾಯಕ ಪಿಸಾರೊ ಈ ನಗರವನ್ನು ಸ್ಥಾಪಿಸಿದ್ದು 1535ರ ಜನವರಿಯಲ್ಲಿ, ಅಂದರೆ ಆ ಬೂದು ಆಕಾಶ ಕವಿಯದ ಅಲ್ಲಿನ ಬೇಸಿಗೆಯಲ್ಲಿ! ಮಳೆಯಿಲ್ಲದ ಈ ಊರಿನ ಗುಡ್ಡದ ಬಡಾವಣೆಗಳಲ್ಲಿ ಬಲೆ ಕಟ್ಟಿ ಮಂಜಿನಿಂದ ನೀರು ಹಿಡಿಯುವುದುಂಟು.