ಮೊಣಕಾಲಿನ ಕೆಳಗಿನ ಕಾಳಗ

ಹುತ್ತರಿ ಹಬ್ಬದಲ್ಲಿ ಕೊಡಗಿನ ಮಂದ್‌ಗಳಲ್ಲಿ, ಅಂದರೆ ಊರ ಜನ ಹಬ್ಬಕ್ಕೆಂದು ಕೂಡುವ ಬಯಲುಗಳಲ್ಲಿ, ಕೋಲಾಟದ ಜತೆಗೆ ಇನ್ನೊಂದು ಆಟವೂ ಉಂಟು. ಅದು ಪರೆಯ ಕಳಿ. ಒಂದು ಕೈಯಲ್ಲಿ ಬೆತ್ತ, ಇನ್ನೊಂದರಲ್ಲಿ ಗುರಾಣಿ ಹಿಡಿದ ಇಬ್ಬರು ಎದುರಾಗುತ್ತಾರೆ. ಬೆತ್ತದ ಏಟು ಮೊಣಕಾಲಿನಿಂದ ಕೆಳಗೆ ಮಾತ್ರ ಬೀಳಬೇಕು. ತಪ್ಪಿಸಿಕೊಂಡರೆ ಸರಿ, ಇಲ್ಲವಾದರೆ ಮೀನಖಂಡದ ಮೇಲೆ ಬಾಸುಂಡೆ.

ಇದು ಯುದ್ಧವಿದ್ಯೆಯೋ, ಬರೀ ಹಬ್ಬದ ಆಟವೋ? ನಿಜವಾದ ಹೊಡೆದಾಟದಲ್ಲಿ ಇದರಿಂದ ಉಪಯೋಗವುಂಟೆ?

ಇಂಥದೇ ಪ್ರಶ್ನೆ ಕುಂಗ್ ಫೂ ಲೋಕವನ್ನೂ ಕಾಡಿತ್ತು. ಹಾಂಗ್‌ಕಾಂಗ್‌ನಲ್ಲಿ ಇಪ್ ಮ್ಯಾನ್ ಎಂಬ ಗುರುವಿನ ಬಳಿ ವಿಂಗ್ ಚುನ್ ಕಲಿತಿದ್ದ ಬ್ರೂಸ್ ಲೀ, 1964ರಲ್ಲಿ ಅಮೆರಿಕದ ಓಕ್ಲೆಂಡ್‌ನಲ್ಲಿ ನಡೆದ ಒಂದು ಖಾಸಗಿ ಸೆಣಸಾಟದ ನಂತರ ತನ್ನ ವಿದ್ಯೆಯನ್ನೇ ಅನುಮಾನಿಸತೊಡಗಿದ. ಎದುರಾಳಿ ನಿಂತಲ್ಲಿ ನಿಲ್ಲದಿದ್ದರೆ ಸಾಲುಸಾಲಾಗಿ ಗುದ್ದುವ ಪಟ್ಟಿನಿಂದ ಏನು ಫಲ? ಬಾಕ್ಸಿಂಗ್‌ನ ಕಾಲ್ಚಳಕ, ಫೆನ್ಸಿಂಗ್‌ನ ಅಂತರದ ಲೆಕ್ಕಾಚಾರ ಎರಡನ್ನೂ ತಂದು ಸೇರಿಸಿದ. 1967ರಲ್ಲಿ ಅದಕ್ಕೆ ಜೀತ್ ಕುನೆ ದೋ ಎಂದು ಹೆಸರಿಟ್ಟ.

ಬ್ರೂಸ್ ಲೀ ಶಾಸ್ತ್ರವನ್ನು ಕಳಚಿ ಹೊಡೆದಾಟದತ್ತ ನಡೆದರೆ, ಪರೆಯ ಕಳಿ ಹೊಡೆದಾಟಕ್ಕೆ ಕಟ್ಟಳೆ ತೊಡಿಸಿತು. ಕಾಳಗವೆಂದರೇನು ಎಂಬುದು ಕೊಡವರಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. 18ನೆಯ ಶತಮಾನದ ಕೊನೆಯಲ್ಲಿ ಹೈದರ್, ಟಿಪ್ಪು ಸೇನೆಗಳನ್ನು ಅವರು ಕಾಡಿನ ಮರೆಯಿಂದ ಎದುರಿಸಿದ್ದರು. ತುದಿಯತ್ತ ಅಗಲವಾಗುತ್ತ ಬಾಗಿದ ಒಡಿಕತ್ತಿ, ಬೆನ್ನಿಗೆ ಅದನ್ನು ಸಿಕ್ಕಿಸಿಕೊಳ್ಳಲು ತೊಡಂಗ್, ಸೊಂಟದಲ್ಲಿ ಪೀಚೆಕತ್ತಿ. ಇಂಥ ಆಯುಧಗಳಿದ್ದ ನಾಡಿನಲ್ಲಿ ಆಟಕ್ಕೆ ಆರಿಸಿಕೊಂಡದ್ದು ಬೆತ್ತವನ್ನು. ಒಡಿಕತ್ತಿಯ ಏಟು ಇಂದಿಗೂ ಮದುವೆಯಲ್ಲಿ ನೆಟ್ಟ ಬಾಳೆದಿಂಡಿನ ಮೇಲೆ ಬೀಳುತ್ತದೆ. ಆದರೆ ಬಾಳೆದಿಂಡು ತಿರುಗಿ ಹೊಡೆಯುವುದಿಲ್ಲವಲ್ಲ!

ಪರೆಯ ಕಳಿಯ ಪಟ್ಟುಗಳನ್ನು ಹಾಗೆಹಾಗೆಯೇ ಕತ್ತಿಕಾಳಗಕ್ಕೆ ಒಯ್ದರೆ ಕೆಲಸ ಕೆಟ್ಟಂತೆಯೇ. ಕಾಲು ಕಾಯಲು ಗುರಾಣಿ ಇಳಿಸಿದವನ ತಲೆ ಬಯಲಾಗುತ್ತದೆ. ಏಟು ಕೊಡಲು ಬಾಗಿದವನ ಕತ್ತೂ ಅಷ್ಟೆ. ಆಟದಲ್ಲಿ ಈ ಎರಡರ ಭಯವೂ ಇಲ್ಲ. ಹಾಗಿದ್ದರೆ ಉಳಿಯುವುದೇನು? ಎದುರಾಳಿಯ ಬೆತ್ತ ಎಲ್ಲಿಯವರೆಗೆ ಬಂದೀತು ಎಂಬ ಅಂದಾಜು, ಸರಿಯಾದ ಗಳಿಗೆಗೆ ಕಾಲು ಹಿಂದೆಳೆಯುವ ಚುರುಕು, ಎಲ್ಲಕ್ಕಿಂತ ಮುಖ್ಯವಾಗಿ ನೋವಿನ ಪರಿಚಯ. ಗಾಳಿಯನ್ನು ಗುದ್ದಿ ಪಟ್ಟು ಕಲಿತವನಿಗೆ ಇದು ಸಿಗುವುದಿಲ್ಲ. ಬೆತ್ತದ ಬಿರುಸನ್ನು ತೆಗೆದು ಬರೀ ವೇದಿಕೆಯ ಪ್ರದರ್ಶನ ಮಾಡಿಬಿಟ್ಟರೆ ಪರೆಯ ಕಳಿಯಲ್ಲೂ ಸಿಗಲಾರದು.

ನೋವಾದ ಮೇಲೆ ಸಿಟ್ಟು ಬರುವುದು ಸಹಜ. ಅದಕ್ಕೂ ಹಿರಿಯರು ದಾರಿ ಮಾಡಿಟ್ಟಿದ್ದರು. 1870ರಲ್ಲಿ ಪ್ರಕಟವಾದ 'ಮ್ಯಾನುಯಲ್ ಆಫ್ ಕೂರ್ಗ್' ಗ್ರಂಥದ ಕರ್ತೃ, ಬಾಸೆಲ್ ಮಿಷನ್ನಿನ ಜಿ. ರಿಕ್ಟರ್ ಈ ಆಟವನ್ನು ಬಣ್ಣಿಸಿದ್ದಾರೆ. ಆಟಗಾರರ ಆವೇಶ ಏರುತ್ತಿದ್ದಂತೆ ಇಬ್ಬರನ್ನೂ ಬಿಡಿಸಲಾಗುತ್ತಿತ್ತು. ಬಳಿಕ ಅವರಿಬ್ಬರೂ ಒಬ್ಬರಿಗೊಬ್ಬರು ವಂದಿಸಿ, ತಬ್ಬಿಕೊಂಡು ಹಿಂದೆ ಸರಿಯುತ್ತಿದ್ದರು.