ಹಿತ್ತಲಿನ ಲಕ್ಕೋಟೆ ಮತ್ತು ಹೊಯ್ಸಳರು

ಲಕ್ಕೋಟೆ ಅಂದರೆ ಇಲ್ಲಿ ಅಂಚೆ ಕವರ್ ಅಲ್ಲ, ಹಣ್ಣು. ಇಂಗ್ಲಿಷಿನಲ್ಲಿ ಲೋಕ್ವಾಟ್. ಬೆಂಗಳೂರಿನ ಅಂಗಡಿಗಳಲ್ಲಿ ಕಿವಿ, ಡ್ರ್ಯಾಗನ್ ಫ್ರೂಟ್ ಎಲ್ಲ ರಾಶಿ ಬಿದ್ದಿರುತ್ತವೆ, ಇದು ಮಾತ್ರ ಕಣ್ಣಿಗೆ ಬೀಳುವುದು ಅಪರೂಪ. ಸಿಪ್ಪೆ ತೀರಾ ತೆಳು. ಸ್ವಲ್ಪ ಒತ್ತಿದರೂ ಕಂದು ಕಲೆ ಬೀಳುತ್ತೆ, ಕಿತ್ತ ಮೇಲೆ ಹೆಚ್ಚು ದಿನ ತಡೆಯಲ್ಲ. ಹಾಗಾಗಿ ಬೆಳೆದವರ ಮನೆಯಲ್ಲೇ ತಿಂದು ಮುಗಿಸಬೇಕಾದ ಹಣ್ಣು. ಸಣ್ಣ ನಿಂಬೆಯಷ್ಟು ಗಾತ್ರ, ಹಳದಿಗೂ ಕಿತ್ತಳೆಗೂ ನಡುವಿನ ಬಣ್ಣ, ಹುಳಿ ಬೆರೆತ ಸಿಹಿ, ಒಳಗೆ ಹೊಳೆಯುವ ದೊಡ್ಡ ಕಂದು ಬೀಜಗಳು. ಸೇಬು, ಗುಲಾಬಿಗಳ ಕುಟುಂಬದ್ದು.

ಅರಸೀಕೆರೆ ತಾಲ್ಲೂಕಿನ ನಮ್ಮ ಮನೆ ಹಿತ್ತಲಲ್ಲಿ ಇಂಥದ್ದೊಂದು ಮರ ಇದೆ. ಬೇಲೂರು ಕಡೆಯ ಕಾಫಿ ತೋಟವೊಂದರಲ್ಲಿ ರೈಟರ್ ಆಗಿದ್ದ ನಮ್ಮ ತಾತ ಅಲ್ಲಿಂದ ಸಸಿ ತಂದು ನೆಟ್ಟಿದ್ದು. ಹೋದ ವರ್ಷ ಅದರ ಮೇಲೆ ಒಂದು ಕೇಸು ನಡೆಯಿತು. ದೊಡ್ಡಪ್ಪನ ಮಗ, ನಮ್ಮಣ್ಣ, ಹಿತ್ತಲನ್ನು 'ಪೂರ್ತಿ ದೇಸಿ' ಮಾಡುತ್ತೇನೆ ಅಂತ ಹೊರಟ. ಯಾವ ಗಿಡ ಉಳಿಯಬೇಕು, ಯಾವುದು ಹೋಗಬೇಕು ಅಂತ ಪಟ್ಟಿ ಮಾಡಿ ಮನೆಯ ವಾಟ್ಸಾಪ್ ಗುಂಪಿಗೆ ಹಾಕಿದ. ಹೋಗಬೇಕಾದ ಕಾಲಂನಲ್ಲಿ ಇದ್ದದ್ದು ಒಂದೇ ಹೆಸರು: ಲಕ್ಕೋಟೆ. "ಫಾರಿನ್ ಗಿಡ ಕಣೋ, ತೆಂಗಿನ ಬುಡಕ್ಕೆ ಹೋಗೋ ನೀರನ್ನೂ ಕುಡಿಯುತ್ತೆ" ಅನ್ನೋದು ಅವನ ವಾದ. ದೊಡ್ಡಪ್ಪ ಬಿಡಲಿಲ್ಲ. "ಯಾರ್ಲಾ ಹೇಳಿದ್ದು ಫಾರಿನ್ನು ಅಂತ? ಹೊಯ್ಸಳ್ರ ಕಾಲ್ದಿಂದ ಐತೆ. ಬೇಲೂರು ಗುಡೀಲಿ ಕೆತ್ತವ್ರೆ, ಹೋಗಿ ನೋಡು!"

ಇಬ್ಬರದೂ ತಪ್ಪು. ಆದರೆ ಎರಡು ತಪ್ಪೂ ಕುತೂಹಲದವು.

ಮೊದಲು ದೊಡ್ಡಪ್ಪನದು. ಬೇಲೂರಿನ ಚೆನ್ನಕೇಶವ ಗುಡಿ ವಿಷ್ಣುವರ್ಧನನ ಕಾಲದ್ದು, 1117ರಲ್ಲಿ ಪ್ರತಿಷ್ಠೆ ಆಯಿತು. ಅಲ್ಲಿನ ಮದನಿಕೆಯರ ತಲೆಯ ಮೇಲೆ ಚಪ್ಪರದ ಹಾಗೆ ಎಲೆ, ಬಳ್ಳಿ, ಹಣ್ಣುಗಳ ಕೆತ್ತನೆ ಇದೆ. ಒಂದು ಕಡೆ ಹಲಸಿನ ಹಣ್ಣು, ಅದರ ಮೇಲೊಂದು ನೊಣ, ನೊಣವನ್ನು ಹಿಡಿಯಲು ಹೊಂಚು ಹಾಕಿರುವ ಹಲ್ಲಿ. ಗೈಡುಗಳು ಇದನ್ನು ತೋರಿಸದೆ ನಿಮ್ಮನ್ನು ಮುಂದಕ್ಕೆ ಬಿಡಲ್ಲ. ಹಲಸು, ಮಾವು, ಬಾಳೆ ಆ ಶಿಲ್ಪಿಗಳು ದಿನಾ ಕಂಡು ತಿಂದ ಹಣ್ಣುಗಳು. ಉಳಿದ ಎಲೆಗೊಂಚಲುಗಳಲ್ಲಿ ಬಹುಪಾಲು ಅಲಂಕಾರ, ಸಸ್ಯಶಾಸ್ತ್ರದ ಪಾಠ ಅಲ್ಲ. ಗೊಂಚಲಲ್ಲಿ ದುಂಡಗೆ ಏನೇ ಕಂಡರೂ ಅದನ್ನು ಲಕ್ಕೋಟೆ ಅಂದುಬಿಡಬಹುದು, ಅದೇ ತೊಂದರೆ.

ಈ ತೊಂದರೆ ನಮ್ಮ ದೊಡ್ಡಪ್ಪನೊಬ್ಬರದ್ದೇ ಅಲ್ಲ. 1268ರ ಸೋಮನಾಥಪುರದ ಗುಡಿಯಲ್ಲಿ ಕೆಲವು ಮೂರ್ತಿಗಳ ಕೈಯಲ್ಲಿ ಸಾಲುಸಾಲು ಕಾಳಿರುವ ಉದ್ದನೆಯ ವಸ್ತು ಇದೆ. ಥೇಟ್ ಮುಸುಕಿನ ಜೋಳದ ತೆನೆ. ಕಾರ್ಲ್ ಜೊಹಾನೆಸೆನ್ ಎಂಬ ಅಮೆರಿಕದ ಭೂಗೋಳ ಪ್ರೊಫೆಸರ್ ಮತ್ತು ಆನ್ ಪಾರ್ಕರ್ 1989ರಲ್ಲಿ ಇದು ಜೋಳವೇ ಅಂತ ಪ್ರಬಂಧ ಬರೆದರು. ಅಂದರೆ ಕೊಲಂಬಸ್ ಹುಟ್ಟುವ ಮೊದಲೇ ಅಮೆರಿಕದ ಬೆಳೆ ಹೊಯ್ಸಳ ನಾಡಿಗೆ ಬಂದಿತ್ತು ಎಂದಾಯಿತು! ಭಾರತದ ಜೋಳತಜ್ಞರಾದ ಪಾಯಕ್ ಮತ್ತು ಸಚನ್ 1993ರಲ್ಲಿ ಇದಕ್ಕೆ ಉತ್ತರ ಕೊಟ್ಟರು: ಅದು ತೆನೆ ಅಲ್ಲ, ಮುಕ್ತಾಫಲ, ಮುತ್ತುಗಳಿಂದ ಮಾಡಿದ ಕಲ್ಪನೆಯ ಹಣ್ಣು. ನನಗೆ ಎರಡನೆಯದೇ ಸರಿ ಅನ್ನಿಸುತ್ತೆ. ಊರ ತುಂಬ ಜೋಳ ಬೆಳೆಯುತ್ತಿದ್ದರೆ ಅದು ದೇವರ ಕೈಯಲ್ಲಿ ಮಾತ್ರ ಇದ್ದು ಶಾಸನ, ಅಡುಗೆ, ಸುಂಕದ ಲೆಕ್ಕ ಯಾವುದರಲ್ಲೂ ಸಿಗದೆ ಹೋಗುವುದು ಹೇಗೆ? ಆದರೂ ಹಳೆಯ ವಾದ ಈಗಲೂ ಫಾರ್ವರ್ಡ್ ಆಗುತ್ತಲೇ ಇದೆ. ಉತ್ತರಕ್ಕೆ ಅಷ್ಟು ಫಾರ್ವರ್ಡ್ ಭಾಗ್ಯ ಇಲ್ಲ.

ಬೇಲೂರಲ್ಲಿ ಉಳಿ ಸದ್ದು ಮಾಡುತ್ತಿದ್ದಾಗ ಲಕ್ಕೋಟೆ ಚೀನಾದಲ್ಲಿತ್ತು, ಜಪಾನಿನ ತೋಟಗಳಲ್ಲಿತ್ತು. ಹುಟ್ಟೂರು ಚೀನಾ. ಹೆಸರು ಕೂಡ ಕ್ಯಾಂಟನ್ ಕಡೆಯ ಮಾತಿನ 'ಲೋ-ಗ್ವಾಟ್' ಎಂಬುದರಿಂದ ಬಂದದ್ದು. ಹಾಗಾದರೆ ಅದರ ವೈಜ್ಞಾನಿಕ ಹೆಸರು 'ಎರಿಯೊಬಾಟ್ರಿಯ ಜಪೋನಿಕಾ' ಯಾಕೆ? ಲಿನೇಯಸ್‌ನ ಶಿಷ್ಯ, ಸ್ವೀಡನ್ನಿನ ಥನ್‌ಬರ್ಗ್ 1775ರಲ್ಲಿ ಡಚ್ಚರ ಕಂಪನಿಯ ವೈದ್ಯನಾಗಿ ಜಪಾನಿಗೆ ಹೋದ. ಗಿಡವನ್ನು ಅಲ್ಲಿ ಕಂಡ, 'ಜಪಾನಿನದು' ಅಂತ ಬರೆದ. ಅಷ್ಟೇ. ನಮ್ಮ ಕೆಲಸದ ಭಾಷೆಯಲ್ಲಿ ಹೇಳುವುದಾದರೆ, ಗಿಟ್ ಬ್ಲೇಮ್ ಹಾಕಿದರೆ ಆ ಸಾಲನ್ನು ಕೊನೆಗೆ ಮುಟ್ಟಿದವರ ಹೆಸರು ಬರುತ್ತಲ್ಲ, ಹಾಗೆ.

ನಾವೂ ಇದನ್ನೇ ಮಾಡಿದ್ದೇವೆ. ಅರಸೀಕೆರೆ ಕಡೆ ಬತ್ತಿದ ಕೆರೆಗಳನ್ನು ನುಂಗಿ ಕೂತಿರುವ ಮುಳ್ಳಿನ ಮರಕ್ಕೆ ಬಳ್ಳಾರಿ ಜಾಲಿ ಅಂತೀವಿ. ಅದರ ಹುಟ್ಟೂರು ಬಳ್ಳಾರಿ ಅಲ್ಲ, ಅಮೆರಿಕ ಖಂಡ. ಪಾಪ, ಬಳ್ಳಾರಿಯವರು ಹೆಸರು ಕೆಡಿಸಿಕೊಂಡರು.

1787ರಲ್ಲಿ ಲಕ್ಕೋಟೆ ಸಸಿಗಳು ಕ್ಯಾಂಟನ್‌ನಿಂದ ಲಂಡನ್ನಿನ ಕ್ಯೂ ತೋಟ ಸೇರಿದವು. ಚಹಾಕ್ಕಾಗಿ ಕಂಪನಿಯ ಹಡಗುಗಳು ಚೀನಾಕ್ಕೆ ಹೋಗಿ ಬರುತ್ತಿದ್ದ ಕಾಲ ಅದು. ಭಾರತದಲ್ಲಿ ಇದರ ದೊಡ್ಡ ತೋಟಗಳು ಎದ್ದದ್ದು ಸಹಾರನ್‌ಪುರ, ಡೆಹ್ರಾಡೂನ್, ಪಂಜಾಬ್ ಕಡೆ. ದಕ್ಷಿಣದಲ್ಲಿ ಇದು ಬೆಟ್ಟದ ಊರು, ಬಂಗಲೆ, ಹಿತ್ತಲುಗಳ ಮರವಾಗಿಯೇ ಉಳಿಯಿತು. ಹೊರಗಿನ ಗಿಡಗಳನ್ನು ಮೈಸೂರು ಸೀಮೆಗೆ ಒಗ್ಗಿಸುವ ಕೆಲಸ ಆ ಹೊತ್ತಿಗೆ ಜೋರಾಗಿತ್ತು. 1874ರಿಂದ 1908ರವರೆಗೆ ಲಾಲ್‌ಬಾಗ್ ನೋಡಿಕೊಂಡ ಜಾನ್ ಕ್ಯಾಮೆರಾನ್ ತಂದ ಸೀಮೆಬದನೆ ಇವತ್ತು ನಮ್ಮ ಪಲ್ಯ, ಸಾಂಬಾರಿನಲ್ಲಿದೆ. ತಮಿಳುನಾಡಿನಲ್ಲಿ ಅದಕ್ಕೆ 'ಬೆಂಗಳೂರು ಬದನೆ' ಅಂತಾರೆ! ಮತ್ತೆ ಅದೇ ಗಿಟ್ ಬ್ಲೇಮ್.

ಇನ್ನು ಅಣ್ಣನ ಪಟ್ಟಿ. 'ಉಳಿಯಬೇಕಾದ ದೇಸಿ ಗಿಡಗಳು' ಕಾಲಂನಲ್ಲಿ ಇದ್ದವು ಇವು: ತೆಂಗು, ಮಾವು, ಹಲಸು, ಹುಣಸೆ, ಸೀಬೆ, ಪರಂಗಿ, ಸಪೋಟ, ಸೀತಾಫಲ, ಮೆಣಸಿನಕಾಯಿ. ಪರಂಗಿ ಅಂದರೆ ಫರಂಗಿ, ಹೆಸರಲ್ಲೇ ಪಾಸ್‌ಪೋರ್ಟ್ ಇದೆ. ಸೀಬೆ, ಸಪೋಟ ಕೂಡ ಅಮೆರಿಕದವು. ಸೀತಾಫಲದ ಹೆಸರು ಕೇಳಿದರೆ ಪಂಚವಟಿಯಲ್ಲಿ ಹುಟ್ಟಿದ ಹಾಗಿದೆ, ಅದೂ ಅಮೆರಿಕದ್ದೇ. ಹುಣಸೆ ಆಫ್ರಿಕಾದ್ದು, ಬಂದು ಎಷ್ಟೋ ಕಾಲ ಆಗಿದೆ ಅಷ್ಟೇ. ಮೆಣಸಿನಕಾಯಿ ಪೋರ್ಚುಗೀಸರು ಬಂದ ಮೇಲಿನದು. ವಿಷ್ಣುವರ್ಧನನ ಅಡುಗೆಯವರು ಖಾರಕ್ಕೆ ಹಾಕುತ್ತಿದ್ದದ್ದು ಕರಿಮೆಣಸು. 'ಮೆಣಸಿನಕಾಯಿ' ಎಂಬ ಹೆಸರೇ ಅದರಿಂದ ಹುಟ್ಟಿದೆ. ಒಂಬತ್ತರಲ್ಲಿ ಆರು ಹೊರಗಿನವು. ಇದನ್ನು ಗುಂಪಿನಲ್ಲಿ ಬರೆದೆ. ಅಣ್ಣ ಎರಡು ದಿನ ಮಾತಾಡಲಿಲ್ಲ. ದೊಡ್ಡಮ್ಮ ಮಾತ್ರ ವಾಯ್ಸ್ ಮೆಸೇಜ್ ಕಳಿಸಿದರು: "ಮೆಣಸಿನ್ಕಾಯಿ ಗಿಡ ಕಿತ್ತಾಕಿ ಬುಟ್ರೆ ನಾಳೆಯಿಂದ ಅವನ್ಗೆ ಮೊಸರನ್ನನೇ."

ಅಣ್ಣನ ಸಿಟ್ಟಿನಲ್ಲಿ ಅರ್ಥ ಇಲ್ಲ ಅಂತ ನಾನು ಹೇಳಲ್ಲ. ಹೊರಗಿನಿಂದ ಬಂದು ಊರನ್ನೇ ಹಾಳು ಮಾಡಿದ ಗಿಡಗಳಿವೆ. ಬಳ್ಳಾರಿ ಜಾಲಿ ಕಡಿದಷ್ಟೂ ಚಿಗುರುತ್ತೆ, ದನ-ಮೇಕೆ ಕಾಯಿ ತಿಂದು ಹೋದ ಕಡೆಯೆಲ್ಲ ಹುಟ್ಟುತ್ತೆ. ಲಕ್ಕೋಟೆಯನ್ನು ಅದರ ಪಕ್ಕ ನಿಲ್ಲಿಸುವುದು ಅನ್ಯಾಯ. ಇದು ನಮ್ಮ ಬಯಲುಸೀಮೆಯಲ್ಲಿ ತಾನಾಗಿ ಬದುಕುವುದೇ ಕಷ್ಟ. ಬೇಲೂರಿನ ತಂಪು, ಮಳೆ ನಮ್ಮಲ್ಲಿಲ್ಲ, ಬಿಸಿಲು ಏರಿದರೆ ಹಣ್ಣು ಮರದಲ್ಲೇ ಬೇಯುತ್ತೆ, ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತೆ. ನಮ್ಮಜ್ಜಿ ಅದನ್ನು ತೆಂಗಿನ ನೆರಳಿಗೆ, ಬಚ್ಚಲ ನೀರು ಹರಿದು ಹೋಗುವ ಇಳಿಜಾರಿಗೆ ನೆಡಿಸಿದ್ದರಿಂದ ಉಳಿಯಿತು. ಅಣ್ಣ ಹೇಳಿದ 'ತೆಂಗಿನ ನೀರು' ನಿಜಕ್ಕೂ ಬಚ್ಚಲ ನೀರು.

ಮರ ಸದ್ಯಕ್ಕೆ ಉಳಿದಿದೆ. ಪಟ್ಟಿಯಿಂದ ತೆಗೆದಿದ್ದಾನೆ, ಕಾರಣ ಬರೆದಿಲ್ಲ. ದೊಡ್ಡಪ್ಪ ಈಗಲೂ ಬಂದವರಿಗೆಲ್ಲ ಹೊಯ್ಸಳರ ಕಥೆಯನ್ನೇ ಹೇಳುತ್ತಾರೆ, ನಾನು ತಿದ್ದಲು ಹೋದರೆ ಹಣ್ಣು ಕೈಗಿಟ್ಟು ಬಾಯಿ ಮುಚ್ಚಿಸುತ್ತಾರೆ. ಮಳೆ ಮುಗಿದು ಚಳಿ ಶುರುವಾಗುವಾಗ ಬಿಳಿ ಹೂ ಬಿಡುತ್ತೆ, ಜೇನು ಬರುತ್ತೆ, ಬಿಸಿಲು ಜೋರಾಗುವ ಮೊದಲು ಹಣ್ಣು, ಅರ್ಧ ನಮಗೆ, ಅರ್ಧ ಬಾವಲಿಗೆ. ಬೀಜ ಒಣಗಿದರೆ ಮೊಳೆಯಲ್ಲ, ತಿಂದ ದಿನವೇ ಮಣ್ಣಿಗೆ ಹಾಕಬೇಕು. ಹೋದ ಸಲ ಬಸ್ಸಿನಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ಐದು ಬೀಜಗಳಲ್ಲಿ ಮೂರು ನನ್ನ ಬಾಲ್ಕನಿಯ ಕುಂಡದಲ್ಲಿ ಮೊಳೆತಿವೆ. ಬೀಜದ ಗಿಡ ಹಣ್ಣು ಬಿಡಲು ಆರರಿಂದ ಹತ್ತು ವರ್ಷ ಬೇಕು. ಬಾಡಿಗೆ ಮನೆ ಬೇರೆ.