ಕತ್ತಲೆಕಾನಿನ ಹಳ್ಳ

ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಈ ಕಿರುಹಳ್ಳ ಶರಾವತಿ ಕಣಿವೆಗೆ ಸೇರಿದ್ದು. ಮಳೆಗಾಲದ ನೀರನ್ನು ಕಾನಿನ ನೆಲ ಹೀರಿಟ್ಟುಕೊಂಡು ತಿಂಗಳುಗಟ್ಟಲೆ ಜಿನುಗಿಸುವುದರಿಂದ ಬೇಸಿಗೆಯಲ್ಲೂ ಇಲ್ಲಿ ಹರಿವಿರುತ್ತದೆ.

ನೀರು ಹರಡಿ ನಿಲ್ಲುವ ತಗ್ಗಿಗೆ ಊರಿನವರು ರಾಂಪತ್ರೆ ಜಡ್ಡಿ ಎನ್ನುತ್ತಾರೆ. ಇಲ್ಲಿನ ಮರಗಳು ಜಾಯಿಕಾಯಿ ಬಳಗದವು. ಹೂ ಬಿಡುವ ಗಿಡಗಳಲ್ಲೇ ಬಹಳ ಹಳೆಯ ಕುಟುಂಬ. ಬುಡದತ್ತ ನೋಡಿ: ಕೆಸರಿನಿಂದ ಮೇಲೆದ್ದ ಬೇರು ಮಡಚಿದ ಮೊಣಕಾಲಿನಂತೆ ಬಾಗಿ ಮತ್ತೆ ಕೆಸರಿಗಿಳಿದಿದೆ. ಜೌಗಿನೊಳಗೆ ಗಾಳಿ ಸಿಗದು, ಉಸಿರಾಡಲು ಹೊರಗೇ ಬರಬೇಕು.

ಗೇರು ಬಳಗದ ಅಪರೂಪದ ಮರವೊಂದಕ್ಕೆ ಈ ಜಾಗದ್ದೇ ಹೆಸರು: ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್.

ಹಳ್ಳದ ನಿಜವಾದ ಕುಶಲಕರ್ಮಿ ಮಾತ್ರ ಕುಂಬಾರ ಕಪ್ಪೆ. 2014ರಲ್ಲಿ ವಿಜ್ಞಾನಿಗಳು ಇದನ್ನು ಹೊಸ ಪ್ರಭೇದವೆಂದು ವಿವರಿಸಿದರು. ನೀರಿನ ಮೇಲೆ ಚಾಚಿದ ಕಡ್ಡಿಗೆ ಮೊಟ್ಟೆಗಳು ಅಂಟಿಕೊಂಡ ಮೇಲೆ ಹೆಣ್ಣು ಹೊರಟುಹೋಗುತ್ತದೆ. ಗಂಡು ತಳದ ಕೆಸರನ್ನು ಮುಂಗೈಗಳಲ್ಲಿ ಬಾಚಿ, ಹಿಂಗಾಲ ಮೇಲೆ ನಿಂತು, ಮೊಟ್ಟೆಗಳಿಗೆ ಮೆತ್ತುತ್ತದೆ. ಕೆಲಸವೆಲ್ಲ ರಾತ್ರಿಯದು. ಹಗಲಲ್ಲಿ ಬಂದವರು ಕಡ್ಡಿಗಳ ಮೇಲೆ ಕೆಸರಿನ ಮೆತ್ತೆ ಕಂಡರೆ ಮುಟ್ಟದೆ ನೋಡಿ.